ಮೊದಲ ಪ್ರೈಮೇಟ್‌ಗಳು ಎಲ್ಲಿಂದ ಬಂದವು? ಪಳೆಯುಳಿಕೆಗಳ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಮನುಷ್ಯನ ವಿಕಾಸದ ಮಾತು ಬಂದರೆ ಸಾಮಾನ್ಯವಾಗಿ ಎಲ್ಲರೂ ಆಫ್ರಿಕಾದ ಕಳೆದ 60-70 ಲಕ್ಷ ವರ್ಷಗಳ ಕತೆಗೇ ಹೋಗುತ್ತಾರೆ. ಅದಕ್ಕೂ ಆರು ಕೋಟಿ ವರ್ಷ ಹಿಂದೆ ಏನಿತ್ತು, ಕೋತಿ, ಲೀಮರ್, ಮನುಷ್ಯ ಎಲ್ಲ ಸೇರಿದ ಈ ದೊಡ್ಡ ಕುಟುಂಬ ಶುರುವಾದದ್ದು ಹೇಗೆ ಎಂದು ಕೇಳುವವರು ಕಡಿಮೆ. ಕೇಳುವವರ ಪ್ರಶ್ನೆಗಳು ಹೆಚ್ಚುಕಡಿಮೆ ಇವೇ.

ಪ್ರೈಮೇಟ್ ಎಂದರೆ ಯಾವ ಯಾವ ಪ್ರಾಣಿಗಳು?

ಮನುಷ್ಯ, ಚಿಂಪಾಂಜಿ, ಗೊರಿಲ್ಲಾ, ಒರಾಂಗುಟಾನ್, ಗಿಬ್ಬನ್, ಎಲ್ಲ ಬಗೆಯ ಕೋತಿಗಳು, ಆಗ್ನೇಯ ಏಷ್ಯಾದ ಟಾರ್ಸಿಯರ್, ಮಡಗಾಸ್ಕರಿನ ಲೀಮರ್, ಆಫ್ರಿಕಾದ ಗಲಾಗೊ, ನಮ್ಮ ಕಾಡುಪಾಪ. ಈ ಗುಂಪಿಗೆ ಲಿನೀಯಸ್ 1758ರಲ್ಲಿ ಪ್ರೈಮೇಟ್ ಎಂಬ ಹೆಸರು ಕೊಟ್ಟ. ಇವುಗಳಲ್ಲಿ ಎರಡು ದೊಡ್ಡ ಶಾಖೆಗಳಿವೆ. ಲೀಮರ್, ಗಲಾಗೊ, ಕಾಡುಪಾಪಗಳದ್ದು ಒದ್ದೆಮೂಗಿನ ಶಾಖೆ. ಟಾರ್ಸಿಯರ್, ಕೋತಿ, ವಾನರ (ಗಿಬ್ಬನ್, ಚಿಂಪಾಂಜಿಗಳಂಥ ಬಾಲವಿಲ್ಲದವು), ಮನುಷ್ಯರದ್ದು ಒಣಮೂಗಿನ ಶಾಖೆ. ಮುಂದಿನ ಉತ್ತರಗಳಲ್ಲಿ ಈ ಎರಡು ಶಾಖೆಗಳು ಮತ್ತೆ ಮತ್ತೆ ಬರುತ್ತವೆ.

ಮೂಳೆ ನೋಡಿ ಇದು ಪ್ರೈಮೇಟ್ ಎಂದು ಹೇಳುವುದು ಹೇಗೆ?

ಬದುಕಿರುವ ಪ್ರಾಣಿಯಾದರೆ ಸುಲಭ. ಕಣ್ಣುಗಳು ಮುಂದಕ್ಕೆ ತಿರುಗಿರುತ್ತವೆ. ಬಹುತೇಕ ಬೆರಳುಗಳ ತುದಿಯಲ್ಲಿ ಪಂಜದ ಬದಲು ಚಪ್ಪಟೆ ಉಗುರು ಇರುತ್ತದೆ. ಕಾಲಿನ ಹೆಬ್ಬೆರಳು ಉಳಿದ ಬೆರಳುಗಳಿಗೆ ಎದುರಾಗಿ ನಿಂತು ಕೊಂಬೆ ಹಿಡಿಯುತ್ತದೆ; ಇದಕ್ಕೆ ಮನುಷ್ಯ ಅಪವಾದ. ಮೈಗೆ ಹೋಲಿಸಿದರೆ ಮಿದುಳು ದೊಡ್ಡದು.

ಪಳೆಯುಳಿಕೆಯಲ್ಲಿ ಇವುಗಳ ಗುರುತನ್ನು ಮೂಳೆಯಲ್ಲೇ ಹುಡುಕಬೇಕು. ಕಣ್ಣಿನ ಗೂಡಿನ ಹೊರ ಅಂಚಿನಲ್ಲಿ ಒಂದು ಮೂಳೆಯ ಪಟ್ಟಿ ಇದೆಯೇ? ನಡುಗಿವಿಯನ್ನು ಮುಚ್ಚುವ ಉಬ್ಬಿದ ಕವಚ ಪೆಟ್ರೋಸಲ್ ಎಂಬ ಮೂಳೆಯಿಂದ ಬೆಳೆದಿದೆಯೇ? ಬೆರಳ ತುದಿಯ ಮೂಳೆ ಅಗಲವಾಗಿ ಚಪ್ಪಟೆಯಾಗಿದೆಯೇ? ಹೆಬ್ಬೆರಳಿನ ಬುಡದ ಕೀಲು ಯಾವ ದಿಕ್ಕಿಗೆ ತಿರುಗುತ್ತದೆ? ಬಿಡಿಬಿಡಿಯಾಗಿ ನೋಡಿದರೆ ಇವುಗಳಲ್ಲಿ ಕೆಲವು ಬೇರೆ ಪ್ರಾಣಿಗಳಲ್ಲೂ ಉಂಟು. ಕಣ್ಣಿನ ಪಕ್ಕದ ಮೂಳೆಪಟ್ಟಿ ಕುದುರೆಗೂ ಇದೆ. ಪ್ರೈಮೇಟ್ ಎನ್ನಿಸಿಕೊಳ್ಳಲು ಇವು ಒಟ್ಟಾಗಿ ಇರಬೇಕು. ಆದರೆ ಆರು ಕೋಟಿ ವರ್ಷ ಹಿಂದಕ್ಕೆ ಹೋದರೆ ಇವು ಒಟ್ಟಾಗಿ ಸಿಗುವುದಿಲ್ಲ. ಒಂದು ಗುಣ ಮೊದಲು ಬಂತು, ಇನ್ನೊಂದು ಬಹಳ ಕಾಲದ ಮೇಲೆ. ಈ ವಿಷಯದಲ್ಲಿ ನಡೆದಿರುವ ಮುಕ್ಕಾಲು ಪಾಲು ಜಗಳಗಳಿಗೆ ಕಾರಣ ಇದೇ.

ಒಂದು ಹಲ್ಲು ಸಿಕ್ಕರೆ ಇಡೀ ಪ್ರಾಣಿಯ ಕತೆ ಹೇಳುತ್ತಾರಲ್ಲ, ನಂಬುವುದು ಹೇಗೆ?

ಅನುಮಾನ ಪಡಬೇಕಾದದ್ದೇ. ಆದರೆ ಹಲ್ಲನ್ನು ಹಗುರವಾಗಿ ನೋಡುವಂತೆಯೂ ಇಲ್ಲ. ಮೊದಲ ಪ್ರೈಮೇಟ್‌ಗಳಲ್ಲಿ ಹೆಚ್ಚಿನವು ಇಲಿ, ಅಳಿಲಿನ ಗಾತ್ರದವು. ಕಾಡಿನ ನೆಲದಲ್ಲಿ ಸತ್ತ ಅಷ್ಟು ಚಿಕ್ಕ ಪ್ರಾಣಿಯ ಮೂಳೆ ಬೇಗ ಕರಗಿಹೋಗುತ್ತದೆ. ಮೈಯಲ್ಲಿ ಎಲ್ಲಕ್ಕಿಂತ ಗಟ್ಟಿಯಾದ ವಸ್ತು ಹಲ್ಲಿನ ಎನಾಮಲ್, ಹಾಗಾಗಿ ಅದು ಉಳಿಯುತ್ತದೆ. ಸಂಶೋಧಕರು ಟನ್‌ಗಟ್ಟಲೆ ಮಣ್ಣನ್ನು ಸಣ್ಣ ಕಣ್ಣಿನ ಜರಡಿಯಲ್ಲಿ ತೊಳೆದು, ಉಳಿದ ಕಣಗಳನ್ನು ಸೂಕ್ಷ್ಮದರ್ಶಕದಡಿ ಒಂದೊಂದಾಗಿ ಆರಿಸುತ್ತಾರೆ. ಒಂದೆರಡು ಮಿಲಿಮೀಟರ್ ಉದ್ದದ ದವಡೆಹಲ್ಲುಗಳು ಸಿಗುವುದು ಹೀಗೆ.

ದವಡೆಹಲ್ಲಿನ ಮೇಲ್ಮೈಯ ಉಬ್ಬುತಗ್ಗುಗಳು ಪ್ರತಿ ವಂಶದಲ್ಲೂ ಬೇರೆ. ಚೂಪಾದ ಎತ್ತರದ ಮೊನೆಗಳಿದ್ದರೆ ಕೀಟ ತಿನ್ನುವ ಪ್ರಾಣಿ. ಮೊಂಡಾದ, ತಗ್ಗಾದ ಉಬ್ಬುಗಳಿದ್ದರೆ ಹಣ್ಣು, ಬೀಜದ ಕಡೆ ಒಲವು. ಹಲ್ಲುಗಳ ಎಣಿಕೆಯೂ ಮುಖ್ಯ. ಮೂಲ ಜರಾಯು ಸಸ್ತನಿಗಳಿಗೆ ಒಟ್ಟು 44 ಹಲ್ಲುಗಳಿದ್ದವು. ಪ್ರೈಮೇಟ್ ವಂಶದಲ್ಲಿ ಅವು ಕಾಲಕ್ರಮೇಣ ಕಡಿಮೆಯಾಗುತ್ತ ಬಂದು ಮನುಷ್ಯನಲ್ಲಿ 32ಕ್ಕೆ ನಿಂತಿವೆ.

ಹಾಗೆಂದು ಹಲ್ಲು ಎಡವಿಸುವುದಿಲ್ಲ ಎನ್ನಲಾಗದು. ಕೀನ್ಯಾದಲ್ಲಿ ಸಿಕ್ಕ ಪ್ರೊಪೊಟ್ಟೊ ಎಂಬ ಪ್ರಾಣಿಯ ದವಡೆಯನ್ನು 1967ರಲ್ಲಿ ಜಾರ್ಜ್ ಗೇಲಾರ್ಡ್ ಸಿಂಪ್ಸನ್ ಕಾಡುಪಾಪದ ಸಂಬಂಧಿ ಎಂದರು. ಸ್ವಲ್ಪ ಕಾಲದಲ್ಲೇ ಇನ್ನೊಬ್ಬರು ಅದು ಹಣ್ಣು ತಿನ್ನುವ ಬಾವಲಿ ಎಂದರು. ಸುಮಾರು ಅರ್ಧ ಶತಮಾನ ಅದು ಬಾವಲಿಯಾಗಿಯೇ ಉಳಿಯಿತು. 2018ರಲ್ಲಿ ಮತ್ತೆ ಪರೀಕ್ಷಿಸಿದಾಗ ಮಡಗಾಸ್ಕರಿನ ಅಯ್‌-ಅಯ್ ಎಂಬ ಲೀಮರ್‌ಗೆ ಹತ್ತಿರದ್ದು ಎಂದು ತೋರಿತು. ಸಿಂಪ್ಸನ್ ಸಾಮಾನ್ಯ ವಿದ್ವಾಂಸರಲ್ಲ. ಆ ದವಡೆಯಲ್ಲಿ ಇದ್ದ ಸಾಕ್ಷ್ಯವೇ ಅಷ್ಟು.

ಇಲ್ಲಿಯವರೆಗೆ ಸಿಕ್ಕವುಗಳಲ್ಲಿ ಎಲ್ಲಕ್ಕಿಂತ ಹಳೆಯದು ಯಾವುದು?

ಪರ್ಗಟೋರಿಯಸ್. ಅಮೆರಿಕದ ಮೊಂಟಾನಾ ರಾಜ್ಯದ ಪರ್ಗಟರಿ ಹಿಲ್ ಎಂಬ ಗುಡ್ಡದಲ್ಲಿ ಸಿಕ್ಕಿದ್ದರಿಂದ ಆ ಹೆಸರು. 1965ರಲ್ಲಿ ಲೀ ವ್ಯಾನ್ ವೇಲನ್ ಮತ್ತು ರಾಬರ್ಟ್ ಸ್ಲೋನ್ ಇದನ್ನು ಮೊದಲು ವಿವರಿಸಿದರು. ದೊಡ್ಡ ಡೈನೊಸಾರ್‌ಗಳು ಅಳಿದದ್ದು 6.6 ಕೋಟಿ ವರ್ಷಗಳ ಹಿಂದೆ. 2021ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ ಮೊಂಟಾನಾದ ಅತಿ ಹಳೆಯ ಪರ್ಗಟೋರಿಯಸ್ ಹಲ್ಲುಗಳು ಆ ಮಹಾವಿನಾಶದ ನಂತರ ಸುಮಾರು 1,05,000ರಿಂದ 1,39,000 ವರ್ಷಗಳೊಳಗಿನವು. ಭೂವಿಜ್ಞಾನದ ಲೆಕ್ಕದಲ್ಲಿ ಅದು ಕಣ್ಣುರೆಪ್ಪೆ ಬಡಿಯುವಷ್ಟರ ಹೊತ್ತು. ಆಗಲೇ ಅಲ್ಲಿ ಒಂದಲ್ಲ, ಎರಡು ಪ್ರಭೇದಗಳಿದ್ದವು. ಎರಡಾಗಿ ಕವಲೊಡೆಯಲು ಸಮಯ ಬೇಕು. ಆದ್ದರಿಂದ ವಂಶದ ಬೇರು ಡೈನೊಸಾರ್‌ಗಳ ಕಾಲದಲ್ಲೇ ಇದ್ದಿರಬೇಕು ಎಂಬುದು ಆ ಸಂಶೋಧಕರ ವಾದ.

ಪರ್ಗಟೋರಿಯಸ್ ಎಂದರೆ ಬಹುಕಾಲ ಬರೀ ಹಲ್ಲು, ದವಡೆಗಳೇ ಆಗಿತ್ತು. 2015ರಲ್ಲಿ ಸ್ಟೀಫನ್ ಚೆಸ್ಟರ್ ಮತ್ತು ಸಂಗಡಿಗರು ಅದರ ಪಾದದ ಕೀಲಿನ ಮೂಳೆಗಳನ್ನು ವಿವರಿಸಿದರು. ಆ ಕೀಲು ಪಾದವನ್ನು ನಾನಾ ದಿಕ್ಕಿಗೆ ತಿರುಗಿಸಲು ಬಿಡುವಂಥದ್ದು, ಮರ ಹತ್ತಿ ಬದುಕುವ ಪ್ರಾಣಿಗಳಲ್ಲಿ ಕಾಣುವಂಥದ್ದು.

ಹಾಗಾದರೆ ಪ್ರೈಮೇಟ್‌ಗಳು ಡೈನೊಸಾರ್‌ಗಳ ಜೊತೆ ಬದುಕಿದ್ದವೇ?

ಪಳೆಯುಳಿಕೆಯಿಂದ ಇದು ಸಾಬೀತಾಗಿಲ್ಲ. 1965ರಲ್ಲೇ ಒಂದು ಸವೆದ ದವಡೆಹಲ್ಲು ಟ್ರೈಸೆರಾಟಾಪ್ಸ್ ಡೈನೊಸಾರಿನ ಅವಶೇಷಗಳ ಜೊತೆ ಸಿಕ್ಕಿತ್ತು. ಅದಕ್ಕೆ ಪರ್ಗಟೋರಿಯಸ್ ಸೆರಾಟಾಪ್ಸ್ ಎಂದು ಹೆಸರಿಟ್ಟು, ಡೈನೊಸಾರ್ ಕಾಲದ ಪ್ರೈಮೇಟ್ ಸಿಕ್ಕಿತು ಎಂದರು. ತೊಡಕು ಏನೆಂದರೆ ಅದು ಸಿಕ್ಕಿದ್ದು ಹಳೆಯ ನದಿಪಾತ್ರದ ಹೂಳಿನಲ್ಲಿ. ನದಿ ಹಳೆಯ ಪದರವನ್ನು ಕೊರೆದು ಹೊಸ ಮಣ್ಣಿನ ಜೊತೆ ಬೆರೆಸುತ್ತದೆ. ಡೈನೊಸಾರ್ ಮೂಳೆ ಒಂದು ಕಾಲದ್ದು, ಹಲ್ಲು ಅದರ ನಂತರದ್ದು ಆಗಿರಲು ಏನೂ ಅಡ್ಡಿಯಿಲ್ಲ. ಇಂದು ಆ ಒಂದು ಹಲ್ಲನ್ನು ನೆಚ್ಚಿಕೊಂಡು ಯಾರೂ ವಾದ ಮಾಡುವುದಿಲ್ಲ.

ಪರ್ಗಟೋರಿಯಸ್ ನಿಜಕ್ಕೂ ಪ್ರೈಮೇಟ್ ಹೌದೇ?

ಯಾರನ್ನು ಕೇಳುತ್ತೀರಿ ಎಂಬುದರ ಮೇಲೆ ಉತ್ತರ ಬದಲಾಗುತ್ತದೆ. ಪರ್ಗಟೋರಿಯಸ್ ಸೇರುವುದು ಪ್ಲೀಸಿಯಡಾಪಿಫಾರ್ಮ್ ಎಂಬ ದೊಡ್ಡ ಗುಂಪಿಗೆ. ಪೇಲಿಯೊಸೀನ್ ಯುಗದಲ್ಲಿ, ಎಂದರೆ 6.6ರಿಂದ 5.6 ಕೋಟಿ ವರ್ಷಗಳ ಹಿಂದೆ, ಉತ್ತರ ಅಮೆರಿಕ ಮತ್ತು ಯುರೋಪಿನಲ್ಲಿ ಇವು ಹೇರಳವಾಗಿದ್ದವು. ಇವುಗಳ ದವಡೆಹಲ್ಲು ಪ್ರೈಮೇಟ್‌ಗಳದ್ದರಂತೆಯೇ. ಆದರೆ ಕಣ್ಣುಗಳು ಪಕ್ಕಕ್ಕೆ ನೋಡುತ್ತವೆ, ಕಣ್ಣಿನ ಗೂಡಿಗೆ ಮೂಳೆಪಟ್ಟಿ ಇಲ್ಲ, ಮಿದುಳು ಚಿಕ್ಕದು, ಅನೇಕವುಗಳಿಗೆ ಇಲಿ, ಅಳಿಲಿನಂಥ ದಂಶಕಗಳಂತೆ ಮುಂದಕ್ಕೆ ಚಾಚಿದ ದೊಡ್ಡ ಬಾಚಿಹಲ್ಲುಗಳು.

1990ರಲ್ಲಿ ಈ ಗುಂಪಿಗೆ ದೊಡ್ಡ ಪೆಟ್ಟು ಬಿತ್ತು. ಕೆ. ಕ್ರಿಸ್ಟೊಫರ್ ಬಿಯರ್ಡ್ ಕೈಬೆರಳ ಮೂಳೆಗಳನ್ನು ನೋಡಿ, ರಿಚರ್ಡ್ ಕೇ ಮತ್ತು ಸಂಗಡಿಗರು ತಲೆಬುರುಡೆ ನೋಡಿ, ಇವು ಪ್ರೈಮೇಟ್‌ಗಳೇ ಅಲ್ಲ, ಮರದಿಂದ ಮರಕ್ಕೆ ತೇಲುವ ಕೊಲುಗೊ ಎಂಬ ಪ್ರಾಣಿಯ ಬಂಧುಗಳು ಎಂದರು. ಹತ್ತು ಹನ್ನೆರಡು ವರ್ಷ ಈ ಮಾತಿಗೆ ಬಹಳ ಬೆಲೆ ಇತ್ತು.

2002ರಲ್ಲಿ ಜೊನಾಥನ್ ಬ್ಲಾಕ್ ಮತ್ತು ಡಗ್ ಬೋಯರ್ ಅಮೆರಿಕದ ವಯೋಮಿಂಗ್‌ನಲ್ಲಿ ಸಿಕ್ಕ ಕಾರ್ಪೊಲೆಸ್ಟಿಸ್ ಸಿಂಪ್ಸನಿ ಎಂಬ ಪ್ರಾಣಿಯ ಅಸ್ಥಿಪಂಜರವನ್ನು ವಿವರಿಸಿದರು. ವಯಸ್ಸು ಸುಮಾರು 5.6 ಕೋಟಿ ವರ್ಷ. ಕಾಲಿನ ಹೆಬ್ಬೆರಳು ಉಳಿದವುಗಳಿಗೆ ಎದುರಾಗಿ ನಿಲ್ಲುತ್ತದೆ, ಅದರ ತುದಿಯಲ್ಲಿ ಉಗುರು ಇದೆ. ಉಳಿದ ಬೆರಳುಗಳಲ್ಲಿ ಪಂಜ. ಕಣ್ಣು ಪಕ್ಕಕ್ಕೇ ಇವೆ. ನೆಗೆಯಲು ಬೇಕಾದ ಕಾಲಿನ ಮಾರ್ಪಾಡೂ ಇಲ್ಲ. ಕೊಂಬೆ ಹಿಡಿಯುವ ಪಾದ ಮೊದಲು, ಮುಂದಕ್ಕೆ ತಿರುಗಿದ ಕಣ್ಣು ಮತ್ತು ನೆಗೆತ ಆಮೇಲೆ ಎಂಬ ಕ್ರಮಕ್ಕೆ ಇಷ್ಟು ಸ್ಪಷ್ಟವಾದ ಪುರಾವೆ ಅದಕ್ಕಿಂತ ಮೊದಲು ಇರಲಿಲ್ಲ. ನನ್ನ ಎಣಿಕೆಯಲ್ಲಿ ಈ ಇಡೀ ಕ್ಷೇತ್ರದ ಅತಿ ಮುಖ್ಯ ಪಳೆಯುಳಿಕೆ ಇದೇ. ಪತ್ರಿಕೆಗಳ ಮುಖಪುಟಕ್ಕೆ ಬಂದ ಇತರ ಯಾವುದೂ ಅಲ್ಲ.

ಇಂದು ಅನೇಕರು ಪ್ಲೀಸಿಯಡಾಪಿಫಾರ್ಮ್‌ಗಳನ್ನು ಪ್ರೈಮೇಟ್ ವಂಶದ ಬುಡದ ಕವಲುಗಳೆಂದು ಒಪ್ಪುತ್ತಾರೆ. ಒಪ್ಪದವರೂ ಇದ್ದಾರೆ. ಅವರು ಪ್ರೈಮೇಟ್ ಎಂಬ ಮಾತನ್ನು ಮೇಲೆ ಹೇಳಿದ ಎಲ್ಲ ಗುಣಗಳೂ ಇರುವ ಪ್ರಾಣಿಗಳಿಗೆ ಮಾತ್ರ ಬಳಸುತ್ತಾರೆ.

ಅನುಮಾನವೇ ಇಲ್ಲದ ಮೊದಲ ಪ್ರೈಮೇಟ್‌ಗಳು ಯಾವಾಗ ಕಾಣಿಸುತ್ತವೆ?

ಸುಮಾರು 5.6 ಕೋಟಿ ವರ್ಷಗಳ ಹಿಂದೆ, ಇಯೊಸೀನ್ ಯುಗದ ಹೊಸ್ತಿಲಲ್ಲಿ. ಆಗ ಭೂಮಿ ಇದ್ದಕ್ಕಿದ್ದಂತೆ ಬಿಸಿಯಾಯಿತು. ವಾತಾವರಣಕ್ಕೆ ಅಪಾರ ಇಂಗಾಲ ಸೇರಿ, ಜಾಗತಿಕ ಉಷ್ಣತೆ 5ರಿಂದ 8 ಡಿಗ್ರಿ ಸೆಲ್ಸಿಯಸ್‌ನಷ್ಟು ಏರಿತು. ಈ ಬಿಸಿಗಾಲ ಎರಡು ಲಕ್ಷ ವರ್ಷಗಳಷ್ಟು ಕಾಲ ಇತ್ತು. ಕಾಡುಗಳು ಉತ್ತರಕ್ಕೆ ಹಬ್ಬಿದವು. ಏಷ್ಯಾ, ಯುರೋಪ್, ಉತ್ತರ ಅಮೆರಿಕಗಳ ನಡುವಿನ ಉತ್ತರದ ನೆಲಸೇತುವೆಗಳು ಪ್ರಾಣಿಗಳಿಗೆ ದಾರಿಯಾದವು.

ಆ ಪದರಗಳಲ್ಲಿ ಮೂರೂ ಖಂಡಗಳಲ್ಲಿ ಟೈಲಾರ್ಡಿನಾ ಎಂಬ ಪುಟ್ಟ ಪ್ರೈಮೇಟ್ ಕಾಣಿಸಿಕೊಳ್ಳುತ್ತದೆ. ಬೆಲ್ಜಿಯಂನ ಡೋರ್ಮಾಲ್‌ನಲ್ಲಿ ಸಿಕ್ಕ ಹಲ್ಲುಗಳನ್ನು 1927ರಲ್ಲಿ ವಿವರಿಸಿದವರು ಪಾದ್ರಿಯೂ ಪಳೆಯುಳಿಕೆ ತಜ್ಞರೂ ಆಗಿದ್ದ ಪಿಯರ್ ಟೈಲಾರ್ಡ್ ದ ಶಾರ್ದಾಂ. ಚೀನಾದ ಹುನಾನ್ ಪ್ರಾಂತ್ಯದಿಂದ ಒಂದು ತಲೆಬುರುಡೆ 2004ರಲ್ಲಿ ಪ್ರಕಟವಾಯಿತು. ವಯೋಮಿಂಗ್‌ನಿಂದಲೂ ಹಲ್ಲುಗಳು, ಉಗುರು ಹೊತ್ತ ಬೆರಳ ಮೂಳೆಗಳು ಸಿಕ್ಕಿವೆ.

2006ರಲ್ಲಿ ಸ್ಮಿತ್, ರೋಸ್, ಗಿಂಗರಿಚ್ ಇವರು ಮೂರೂ ಕಡೆಯ ಪದರಗಳಲ್ಲಿ ಇಂಗಾಲದ ಸಮಸ್ಥಾನಿಗಳ (ತೂಕದಲ್ಲಿ ಮಾತ್ರ ಬೇರೆಯಾದ ಇಂಗಾಲದ ಪರಮಾಣುಗಳ) ಏರಿಳಿತ ಹೋಲಿಸಿ, ಟೈಲಾರ್ಡಿನಾ ಏಷ್ಯಾದಿಂದ ಯುರೋಪಿಗೆ, ಅಲ್ಲಿಂದ ಉತ್ತರ ಅಮೆರಿಕಕ್ಕೆ ಸುಮಾರು 25,000 ವರ್ಷಗಳಲ್ಲಿ ಹಬ್ಬಿತು ಎಂದರು. ಚೆಲುವಾದ ಕತೆ. ಆಮೇಲೆ ವಯೋಮಿಂಗ್‌ನಲ್ಲಿ ಇನ್ನಷ್ಟು ಹಲ್ಲುಗಳು ಸಿಕ್ಕವು. ಅವನ್ನು ಅಳೆದು ನೋಡಿದ 2019ರ ಅಧ್ಯಯನಕ್ಕೆ ಅಮೆರಿಕದ ಪ್ರಭೇದವೂ ಏಷ್ಯಾದ್ದರಷ್ಟೇ ಹಳೆಯ ಲಕ್ಷಣಗಳುಳ್ಳದ್ದಾಗಿ ಕಂಡಿತು. ಬಹಳ ಬೇಗ ಹಬ್ಬಿತು ಎಂಬುದು ಉಳಿಯಿತು. ಯಾವ ಕಡೆಯಿಂದ ಯಾವ ಕಡೆಗೆ ಎಂಬುದು ಮತ್ತೆ ಚರ್ಚೆಗೆ ಬಂತು.

ಹಾಗಾದರೆ ತವರು ಏಷ್ಯಾವೋ, ಆಫ್ರಿಕಾವೋ, ಭಾರತವೋ?

ಏಷ್ಯಾದ ಪಕ್ಷ ಸದ್ಯಕ್ಕೆ ಬಲವಾಗಿದೆ. ಪ್ರೈಮೇಟ್‌ಗಳ ಹತ್ತಿರದ ಬಂಧುಗಳಾದ ಕೊಲುಗೊ ಮತ್ತು ಮರಮೂಗಿಲಿಗಳು ಇಂದು ಬದುಕಿರುವುದು ಏಷ್ಯಾದಲ್ಲಿ ಮಾತ್ರ. ಆಫ್ರಿಕಾದ ಪರವಾಗಿ ಇರುವ ಮುಖ್ಯ ಸಾಕ್ಷಿ ಮೊರೊಕ್ಕೊದ ಅಲ್ಟಿಯಾಟ್ಲೇಸಿಯಸ್. ಸುಮಾರು 5.7 ಕೋಟಿ ವರ್ಷ ಹಳೆಯದು, 1990ರಲ್ಲಿ ಪ್ರಕಟವಾದದ್ದು. ಆದರೆ ನಮ್ಮ ಕೈಯಲ್ಲಿರುವುದು ಕೆಲವೇ ಬಿಡಿ ಹಲ್ಲುಗಳು. ಅದನ್ನು ಕೋತಿಗಳ ಶಾಖೆಗೆ ಸೇರಿಸಿದವರಿದ್ದಾರೆ, ಪ್ಲೀಸಿಯಡಾಪಿಫಾರ್ಮ್ ಎಂದವರೂ ಇದ್ದಾರೆ.

ಭಾರತದ ಸಂಗತಿ ಹೆಚ್ಚು ಕುತೂಹಲದ್ದು. ಆ ಕಾಲದಲ್ಲಿ ಭಾರತ ಆಫ್ರಿಕಾದ ಕಡೆಯಿಂದ ಬೇರ್ಪಟ್ಟು ಏಷ್ಯಾದತ್ತ ಸರಿಯುತ್ತಿದ್ದ ಭೂಖಂಡ. ಗುಜರಾತಿನ ಸೂರತ್ ಜಿಲ್ಲೆಯ ವಸ್ತಾನ್ ಲಿಗ್ನೈಟ್ ಗಣಿಯಲ್ಲಿ ಸುಮಾರು 5.45 ಕೋಟಿ ವರ್ಷ ಹಳೆಯ ಪದರಗಳಿಂದ ಮಾರ್ಕ್‌ಗೋಡಿನೋಷಿಯಸ್, ಏಷಿಯಾಡಾಪಿಸ್, ವಸ್ತಾನೋಮಿಸ್ ಮುಂತಾದ ಪ್ರೈಮೇಟ್‌ಗಳು ಸಿಕ್ಕಿವೆ. 2008ರಲ್ಲಿ ಸುನಿಲ್ ಬಾಜಪೇಯಿ ಮತ್ತು ಸಂಗಡಿಗರು ಅಲ್ಲಿನ ಆಂಥ್ರಸೀಮಿಯಸ್ ಎಂಬುದನ್ನು ಕೋತಿ-ಮನುಷ್ಯರ ಶಾಖೆಯ ಅತಿ ಹಳೆಯ ಸದಸ್ಯ ಎಂದು ಮಂಡಿಸಿದರು. ಅದೇ ಗಣಿಯಲ್ಲಿ ಕೆಲಸ ಮಾಡಿದ ಇನ್ನೊಂದು ತಂಡ ಇದನ್ನು ಒಪ್ಪಲಿಲ್ಲ, ಅದು ಮಾರ್ಕ್‌ಗೋಡಿನೋಷಿಯಸ್ಸೇ ಎಂದಿತು. ಹೆಸರಿನ ಜಗಳಕ್ಕಿಂತ ನನಗೆ ದೊಡ್ಡದಾಗಿ ಕಾಣುವುದು 2016ರಲ್ಲಿ ರೇಚಲ್ ಡನ್ ಮತ್ತು ಸಂಗಡಿಗರು ವಿವರಿಸಿದ 25 ಕೈಕಾಲು ಮೂಳೆಗಳು. ಅವುಗಳಲ್ಲಿ ಒದ್ದೆಮೂಗಿನ ಶಾಖೆ, ಒಣಮೂಗಿನ ಶಾಖೆ ಎಂದು ಬಿಡಿಸಿ ಹೇಳುವುದೇ ಕಷ್ಟ, ಅಷ್ಟು ಒಂದನ್ನೊಂದು ಹೋಲುತ್ತವೆ. ಎರಡೂ ಶಾಖೆಗಳು ಕವಲೊಡೆದ ಜಾಗಕ್ಕೆ ಬಹಳ ಹತ್ತಿರ ಇದ್ದೇವೆ ಎಂಬುದರ ಸೂಚನೆ ಅದು.

ಇನ್ನೂ ಹಿಂದೆ, ಡೈನೊಸಾರ್ ಕಾಲದ ಕೊನೆಯಲ್ಲಿ, ದಖನ್ ಲಾವಾ ಹರಿವುಗಳ ನಡುವೆ ಕೂತ ಕೆಸರಿನ ಪದರದಲ್ಲಿ, ಇಂದಿನ ತೆಲಂಗಾಣದ ನಸ್ಕಲ್ ಬಳಿ, ಡೆಕ್ಕನೊಲೆಸ್ಟಿಸ್ ಎಂಬ ಪುಟ್ಟ ಸಸ್ತನಿ ಸಿಕ್ಕಿದೆ. ಪ್ರಸಾದ್ ಮತ್ತು ಸಾಹ್ನಿ 1988ರಲ್ಲಿ ಪ್ರಕಟಿಸಿದ್ದು. ಪಾದದ ಮೂಳೆಗಳು ಮರ ಹತ್ತುವ ಪ್ರಾಣಿಯವು. ಒಂದಷ್ಟು ಕಾಲ ಇದನ್ನು ಪ್ರೈಮೇಟ್‌ಗಳ ಪೂರ್ವಜರ ಸಾಲಿಗೆ ಸೇರಿಸುವ ಉತ್ಸಾಹವಿತ್ತು. ನಂತರದ ಅಧ್ಯಯನಗಳು ಇದನ್ನು ಅಡಾಪಿಸೊರಿಕ್ಯುಲಿಡ್ ಎಂಬ ಬೇರೆ ಕುಟುಂಬಕ್ಕೆ ಸೇರಿಸಿವೆ. ಮರ ಹತ್ತುವ ಪಾದ ಇದ್ದ ಮಾತ್ರಕ್ಕೆ ಪ್ರೈಮೇಟ್ ಆಗುವುದಿಲ್ಲ.

ಆರ್ಕಿಸೀಬಸ್ ಬಗ್ಗೆ ಏಕೆ ಅಷ್ಟು ಮಾತು?

ಏಕೆಂದರೆ ಅದು ಹಲ್ಲಲ್ಲ, ಬಹುಪಾಲು ಇಡೀ ಅಸ್ಥಿಪಂಜರ. ಚೀನಾದ ಹುಬೈ ಪ್ರಾಂತ್ಯದ ಹಳೆಯ ಕೆರೆಯ ತಳದ ಕಲ್ಲಿನಲ್ಲಿ ಸಿಕ್ಕಿತು, ವಯಸ್ಸು 5.5 ಕೋಟಿ ವರ್ಷ. ನಿ ಷಿಜುನ್ ನೇತೃತ್ವದ ತಂಡ 2013ರಲ್ಲಿ ಪ್ರಕಟಿಸಿತು. ಕಲ್ಲು ಎರಡಾಗಿ ಸೀಳಿದಾಗ ಮೂಳೆಗಳೂ ಎರಡು ಪಾಲಾಗಿದ್ದವು. ಫ್ರಾನ್ಸಿನ ಗ್ರೆನೋಬಲ್‌ನ ಸಿಂಕ್ರೊಟ್ರಾನ್ ಕೇಂದ್ರದಲ್ಲಿ ಪ್ರಬಲ ಕ್ಷ-ಕಿರಣದಿಂದ ಚಿತ್ರ ತೆಗೆದು, ಕಂಪ್ಯೂಟರಿನಲ್ಲಿ ಅವನ್ನು ಜೋಡಿಸಿದರು. ತೂಕ 20ರಿಂದ 30 ಗ್ರಾಂ ಇದ್ದಿರಬೇಕು ಎಂದು ಅಂದಾಜು. ಹಲ್ಲು ಮತ್ತು ಉದ್ದ ಕಾಲು ಟಾರ್ಸಿಯರ್ ಕಡೆಗೆ ಬೆರಳು ತೋರಿಸಿದರೆ ಹಿಮ್ಮಡಿ ಮೂಳೆ ಕೋತಿಗಳದ್ದನ್ನು ಹೋಲುತ್ತದೆ. ವಿಶ್ಲೇಷಣೆಯಲ್ಲಿ ಅದು ಟಾರ್ಸಿಯರ್ ಕವಲಿನ ಬುಡದಲ್ಲಿ ಕೂತಿತು. ಎಂದರೆ ಟಾರ್ಸಿಯರ್ ಮತ್ತು ಕೋತಿಗಳ ದಾರಿ 5.5 ಕೋಟಿ ವರ್ಷಗಳ ಹಿಂದೆಯೇ ಬೇರೆಯಾಗಿತ್ತು.

‘ಇಡಾ’ ನಮ್ಮೆಲ್ಲರ ಪೂರ್ವಜೆ ಎಂದು ಸುದ್ದಿಯಾಗಿತ್ತಲ್ಲ?

ಆಗಿತ್ತು. ಜರ್ಮನಿಯ ಮೆಸೆಲ್ ಗಣಿಯಲ್ಲಿ 1983ರಲ್ಲಿ ಸಿಕ್ಕಿದ್ದು, 4.7 ಕೋಟಿ ವರ್ಷ ಹಳೆಯದು, ಶಾಸ್ತ್ರೀಯ ಹೆಸರು ಡಾರ್ವಿನಿಯಸ್ ಮಸಿಲ್ಲೇ. ಕಲ್ಲಿನ ಎರಡು ಹಲಗೆಗಳು ಬೇರೆ ಬೇರೆಯವರ ಕೈಸೇರಿದವು; ಒಂದರಲ್ಲಿ ಮಾರಾಟಕ್ಕೆಂದು ಸ್ವಲ್ಪ ಭಾಗವನ್ನು ಕೃತಕವಾಗಿ ಸೇರಿಸಲಾಗಿತ್ತು. ಮುಖ್ಯ ಹಲಗೆಯನ್ನು ಓಸ್ಲೋ ವಿಶ್ವವಿದ್ಯಾಲಯದ ಮ್ಯೂಸಿಯಂ ಕೊಂಡಿತು. 2009ರ ಮೇ ತಿಂಗಳಲ್ಲಿ ಭಾರಿ ಪ್ರಚಾರದೊಂದಿಗೆ ಲೋಕಕ್ಕೆ ತೋರಿಸಿದರು.

ಪಳೆಯುಳಿಕೆಯಾಗಿ ಅದು ಅದ್ಭುತವೇ. ಶೇಕಡಾ 95ರಷ್ಟು ಅಸ್ಥಿಪಂಜರ, ಮೈಯ ಹೊರರೇಖೆ, ಹೊಟ್ಟೆಯಲ್ಲಿದ್ದ ಎಲೆ ಮತ್ತು ಹಣ್ಣಿನ ಅಂಶ, ಇನ್ನೂ ಹುಟ್ಟುತ್ತಿದ್ದ ಹಲ್ಲುಗಳು, ಎಲ್ಲ ಉಳಿದಿವೆ. ತಪ್ಪಿದ್ದು ಹೇಳಿಕೆಯಲ್ಲಿ. ಇಡಾ ಅಡಾಪಿಫಾರ್ಮ್ ಗುಂಪಿನ ಪ್ರಾಣಿ. ಅದನ್ನು ಒಣಮೂಗಿನ ಶಾಖೆಗೆ, ಎಂದರೆ ನಮ್ಮ ಕಡೆಗೆ, ಎಳೆದು ತಂದಿದ್ದರು. ಅದೇ ವರ್ಷ ಎರಿಕ್ ಸೈಫರ್ಟ್ ಮತ್ತು ಸಂಗಡಿಗರು ಈಜಿಪ್ಟಿನ 3.7 ಕೋಟಿ ವರ್ಷ ಹಳೆಯ ಅಫ್ರಡಾಪಿಸ್ ಎಂಬುದನ್ನು ವಿವರಿಸಿ, ನೂರಾರು ಲಕ್ಷಣಗಳನ್ನು ಹೋಲಿಸಿ, ಈ ಇಡೀ ಗುಂಪು ಲೀಮರ್‌ಗಳ ಕಡೆಗೆ ಸೇರುತ್ತದೆ ಎಂದು ತೋರಿಸಿದರು. ಕೋತಿಗಳಂತೆ ಕಾಣುವ ಅದರ ಕೆಲವು ಲಕ್ಷಣಗಳು ಬೇರೆಯಾಗಿಯೇ ಬೆಳೆದವು. ಇಡಾ ನಮ್ಮ ಅಜ್ಜಿಯಲ್ಲ. ಬಹು ದೂರದ, ಸಂತಾನ ಉಳಿಯದ ಕವಲಿನವಳು.

ಪ್ರೈಮೇಟ್ ಪಳೆಯುಳಿಕೆಯನ್ನು ಮೊದಲು ಗುರುತಿಸಿದ್ದು ಯಾರು?

ವಿವರಿಸಿದ್ದು ಜಾರ್ಜ್ ಕ್ಯೂವಿಯೆ, 1820ರ ದಶಕದ ಆರಂಭದಲ್ಲಿ, ಪ್ಯಾರಿಸ್‌ನ ಮೊಮಾರ್ತ್ರ್ ಜಿಪ್ಸಮ್ ಗಣಿಗಳಿಂದ ಬಂದ ಅಡಾಪಿಸ್ ಅನ್ನು. ಗುರುತಿಸಲಿಲ್ಲ. ಗೊರಸಿನ ಪ್ರಾಣಿಗಳ ಜೊತೆ ಸೇರಿಸಿಟ್ಟ. ಅದು ಪ್ರೈಮೇಟ್ ಎಂದು ಗೊತ್ತಾದಾಗ ಕ್ಯೂವಿಯೆ ಬದುಕಿರಲಿಲ್ಲ.

ಕಣ್ಣು ಮುಂದಕ್ಕೆ, ಕೈ ಹಿಡಿಯುವಂತೆ ಆದದ್ದು ಏಕೆ?

ಮರದ ಮೇಲೆ ಬದುಕಿದ್ದರಿಂದ ಎಂಬುದು ಹಳೆಯ ಉತ್ತರ. ಇಪ್ಪತ್ತನೇ ಶತಮಾನದ ಆರಂಭದಲ್ಲಿ ಎಲಿಯಟ್ ಸ್ಮಿತ್ ಮತ್ತು ವುಡ್ ಜೋನ್ಸ್ ಇದನ್ನು ಬೆಳೆಸಿದರು. 1970ರ ದಶಕದಲ್ಲಿ ಮ್ಯಾಟ್ ಕಾರ್ಟ್‌ಮಿಲ್ ಒಂದು ಸರಳ ಆಕ್ಷೇಪ ಎತ್ತಿದರು: ಅಳಿಲೂ ಮರದ ಮೇಲೆಯೇ ಇದೆ. ಅದಕ್ಕೆ ಪಂಜವಿದೆ, ಕಣ್ಣು ಪಕ್ಕಕ್ಕಿದೆ, ಆದರೂ ಯಾವ ತೊಂದರೆಯೂ ಇಲ್ಲದೆ ಓಡಾಡುತ್ತದೆ. ಮುಂದಕ್ಕೆ ತಿರುಗಿದ ಕಣ್ಣು ಗೂಬೆ, ಬೆಕ್ಕುಗಳಂಥ ಬೇಟೆಗಾರರದ್ದು. ಆದ್ದರಿಂದ ಮೊದಲ ಪ್ರೈಮೇಟ್‌ಗಳು ತೆಳು ಕೊಂಬೆಗಳ ನಡುವೆ ಕಣ್ಣಿನಿಂದ ಗುರಿಯಿಟ್ಟು ಕೀಟ ಹಿಡಿಯುತ್ತಿದ್ದವು ಎಂದರು. 1991ರಲ್ಲಿ ರಾಬರ್ಟ್ ಸಸ್‌ಮನ್, ಹೂಬಿಡುವ ಮರಗಳು ಹರಡಿದಾಗ ಕೊಂಬೆ ತುದಿಯ ಹಣ್ಣು, ಹೂ, ಮಕರಂದ ಎಟುಕಿಸಿಕೊಳ್ಳಲು ಈ ಕೈಕಾಲು ಬೆಳೆಯಿತು ಎಂದು ವಾದಿಸಿದರು. ಲಿನ್ ಇಸ್‌ಬೆಲ್ 2006ರಲ್ಲಿ ಹಾವುಗಳನ್ನು ತಂದರು: ವಿಷದ ಹಾವನ್ನು ಬೇಗ ಗುರುತಿಸುವ ಒತ್ತಡ ದೃಷ್ಟಿಯನ್ನು ಹರಿತಗೊಳಿಸಿತು ಎಂಬುದು ಅವರ ಅಭಿಪ್ರಾಯ.

ಕಾರ್ಪೊಲೆಸ್ಟಿಸ್ ಇಲ್ಲಿ ಮತ್ತೆ ಸಾಕ್ಷಿಗೆ ಬರುತ್ತದೆ. ಅದರ ಹಲ್ಲು ಹಣ್ಣು, ಬೀಜ ತಿನ್ನುವ ಬಗೆಯದು, ಪಾದ ಹಿಡಿಯುತ್ತದೆ, ಕಣ್ಣು ಪಕ್ಕಕ್ಕಿದೆ. ಹಿಡಿಯುವ ಪಾದಕ್ಕೆ ಸಸ್‌ಮನ್ ಹೇಳಿದ್ದು ಹೊಂದುತ್ತದೆ. ಕಣ್ಣಿಗೆ ಕಾರ್ಟ್‌ಮಿಲ್ ಹೇಳಿದ್ದು ಹೊಂದಬಹುದು, ಏಕೆಂದರೆ ಅದು ಆಮೇಲಿನ ಹಂತ. ಎಲ್ಲ ಗುಣಗಳಿಗೂ ಒಂದೇ ಕಾರಣ ಹುಡುಕಿದ್ದೇ ತೊಡಕಾಗಿತ್ತು ಎಂದು ನನಗನ್ನಿಸುತ್ತದೆ.

ಇವೆಲ್ಲ ಉಷ್ಣವಲಯದ ಪ್ರಾಣಿಗಳು ತಾನೇ?

ಬಹುತೇಕ ಹೌದು. ಆದರೆ ಕೆನಡಾದ ಉತ್ತರ ತುದಿಯ ಎಲ್ಸ್‌ಮೀರ್ ದ್ವೀಪದಲ್ಲಿ ಸುಮಾರು 5.2 ಕೋಟಿ ವರ್ಷ ಹಳೆಯ, ಪ್ಲೀಸಿಯಡಾಪಿಫಾರ್ಮ್ ಗುಂಪಿನ ಇಗ್ನೇಷಿಯಸ್‌ನ ಎರಡು ಪ್ರಭೇದಗಳನ್ನು 2023ರಲ್ಲಿ ವಿವರಿಸಲಾಗಿದೆ. ಆಗ ಅಲ್ಲಿ ಹಿಮವಿರಲಿಲ್ಲ, ಜೌಗುಕಾಡು ಇತ್ತು. ಆದರೆ ಚಳಿಗಾಲದ ತಿಂಗಳುಗಟ್ಟಲೆ ಕತ್ತಲು ಇಂದಿನಷ್ಟೇ ಇತ್ತು. ಗಟ್ಟಿ ಆಹಾರ ಜಗಿಯುವ ದವಡೆ, ಹಲ್ಲುಗಳು ಅವಕ್ಕಿದ್ದವು. ಕತ್ತಲ ತಿಂಗಳುಗಳಲ್ಲಿ ಬೀಜ, ಕಾಯಿ ತಿಂದು ಬದುಕಿರಬೇಕು.

ಕೋತಿ-ಮನುಷ್ಯರ ಶಾಖೆ ಶುರುವಾದದ್ದು ಆಫ್ರಿಕಾದಲ್ಲಿ ಅಲ್ಲವೇ?

ಬಹುಕಾಲ ಎಲ್ಲರೂ ಹಾಗೆಯೇ ಭಾವಿಸಿದ್ದರು, ಅದಕ್ಕೆ ಕಾರಣ ಈಜಿಪ್ಟಿನ ಫಯೂಮ್. ಕೈರೋದ ನೈಋತ್ಯಕ್ಕಿರುವ ಆ ಮರುಭೂಮಿಯಲ್ಲಿ ಎಲ್ವಿನ್ ಸೈಮನ್ಸ್ ದಶಕಗಳ ಕಾಲ ಅಗೆದರು. 3.4 ಕೋಟಿ ವರ್ಷ ಹಳೆಯ ಕ್ಯಾಟೊಪಿಥಿಕಸ್‌ನಲ್ಲಿ ಕಣ್ಣಿನ ಗೂಡಿನ ಹಿಂಬದಿ ಮೂಳೆಯಿಂದ ಮುಚ್ಚಿದೆ. ಇದು ಕೋತಿಗಳ ಶಾಖೆಯ ಖಚಿತ ಗುರುತು. ಸುಮಾರು 3 ಕೋಟಿ ವರ್ಷ ಹಳೆಯ ಈಜಿಪ್ಟೊಪಿಥಿಕಸ್ ಹಳೆಯ ಜಗತ್ತಿನ (ಆಫ್ರಿಕಾ-ಏಷ್ಯಾದ) ಕೋತಿಗಳು ಮತ್ತು ವಾನರಗಳು ಬೇರೆಯಾಗುವ ಮುಂಚಿನ ಪ್ರಾಣಿ.

1994ರಲ್ಲಿ ಬಿಯರ್ಡ್ ಮತ್ತು ಚೀನೀ ಸಂಗಡಿಗರು ಜಿಯಾಂಗ್ಸು ಪ್ರಾಂತ್ಯದ ಶಾಂಗ್‌ಹುವಾಂಗ್‌ನ ಸುಣ್ಣಕಲ್ಲಿನ ಬಿರುಕುಗಳಿಂದ ಇಯೊಸಿಮಿಯಸ್ ಅನ್ನು ಹೊರತಂದಾಗ ಈ ನಂಬಿಕೆ ಅಲುಗಾಡಿತು. ಸುಮಾರು 4.5 ಕೋಟಿ ವರ್ಷ ಹಳೆಯದು. ಮೊದಮೊದಲು ಗೇಲಿ ಮಾಡಿದವರೂ ಇದ್ದರು. ಆಮೇಲೆ ದವಡೆ, ಪಾದದ ಮೂಳೆಗಳು ಸಿಕ್ಕಂತೆ ಬಹುಪಾಲು ತಜ್ಞರು ಒಪ್ಪಿದರು. 2012ರಲ್ಲಿ ಮ್ಯಾನ್ಮಾರ್‌ನಿಂದ ಅಫ್ರೇಷಿಯಾ ಬಂತು. ಕೈಯಲ್ಲಿದ್ದದ್ದು ನಾಲ್ಕು ಹಲ್ಲು. ಅವು ಲಿಬಿಯಾದ ಆಫ್ರೊಟಾರ್ಸಿಯಸ್ ಹಲ್ಲುಗಳನ್ನು ಬಹಳ ಹೋಲುತ್ತಿದ್ದವು. ಏಷ್ಯಾದಲ್ಲಿ ಹುಟ್ಟಿದ ಶಾಖೆ ಸುಮಾರು 4 ಕೋಟಿ ವರ್ಷಗಳ ಹಿಂದೆ ನಡುವಣ ಟೆಥಿಸ್ ಸಮುದ್ರ ದಾಟಿ ಆಫ್ರಿಕಾ ಸೇರಿತು ಎಂಬುದು ಈಗ ಹೆಚ್ಚು ಜನ ಒಪ್ಪುವ ಚಿತ್ರ. ಅಲ್ಜೀರಿಯಾದ ಆಲ್ಜೆರಿಪಿಥಿಕಸ್ ಎಂಬುದು ಇದಕ್ಕೆ ಅಡ್ಡವಾಗಿತ್ತು. 2009ರಲ್ಲಿ ಹೊಸ ದವಡೆಗಳು ಸಿಕ್ಕಾಗ ಅದು ಒದ್ದೆಮೂಗಿನ ಶಾಖೆಯದ್ದೆಂದು ತಿಳಿಯಿತು.

ದಕ್ಷಿಣ ಅಮೆರಿಕಕ್ಕೆ ಕೋತಿಗಳು ಹೋದದ್ದು ಹೇಗೆ? ಆಗ ಅದು ದ್ವೀಪವಾಗಿತ್ತಲ್ಲ?

ಸಮುದ್ರದ ಮೇಲೆ ತೇಲಿಕೊಂಡು. ನಂಬಲು ಕಷ್ಟ, ಆದರೆ ಬೇರೆ ದಾರಿ ಕಾಣುವುದಿಲ್ಲ. ಪ್ರವಾಹಕ್ಕೆ ಕಿತ್ತುಬಂದ ಮರಗಿಡಗಳ ದೊಡ್ಡ ತೆಪ್ಪಗಳು ನದಿಯಿಂದ ಕಡಲಿಗೆ ಹೋಗುವುದನ್ನು ಇಂದಿಗೂ ಕಾಣಬಹುದು. ಆಗ ಅಟ್ಲಾಂಟಿಕ್ ಈಗಿಗಿಂತ ಕಿರಿದಾಗಿತ್ತು. ಪೆರುವಿನ ಸಾಂಟಾ ರೋಸಾದಿಂದ ಪೆರುಪಿಥಿಕಸ್ 2015ರಲ್ಲಿ ಪ್ರಕಟವಾಯಿತು. ಅದೇ ಜಾಗದಿಂದ 2020ರಲ್ಲಿ ಯುಕಯಾಲಿಪಿಥಿಕಸ್ ಬಂತು. ಅದರ ಹಲ್ಲು ಫಯೂಮ್‌ನ ಪ್ಯಾರಾಪಿಥಿಸಿಡ್ ಕುಟುಂಬದ್ದು, ಇಂದಿನ ದಕ್ಷಿಣ ಅಮೆರಿಕದ ಕೋತಿಗಳದ್ದಲ್ಲ. ಎಂದರೆ ಆಫ್ರಿಕಾದ ಒಂದಲ್ಲ, ಎರಡು ಕೋತಿ ವಂಶಗಳು ಅಟ್ಲಾಂಟಿಕ್ ದಾಟಿವೆ.

ಈ ವಯಸ್ಸುಗಳನ್ನು ಹೇಗೆ ಲೆಕ್ಕ ಹಾಕುತ್ತಾರೆ?

ಹಲ್ಲಿನ ವಯಸ್ಸನ್ನಲ್ಲ, ಅದು ಕೂತ ಪದರದ ವಯಸ್ಸನ್ನು. ಹತ್ತಿರದಲ್ಲಿ ಜ್ವಾಲಾಮುಖಿಯ ಬೂದಿ ಇದ್ದರೆ ಅದರ ಹರಳುಗಳಲ್ಲಿ ಪೊಟ್ಯಾಸಿಯಂ-40 ಎಷ್ಟು ಆರ್ಗಾನ್ ಆಗಿದೆ ಎಂದು ಅಳೆಯುತ್ತಾರೆ. ಬೂದಿ ಇಲ್ಲದಿದ್ದರೆ ಭೂಮಿಯ ಕಾಂತಧ್ರುವ ತಿರುಗಿದ ಗುರುತು, ಇಂಗಾಲದ ಸಮಸ್ಥಾನಿಗಳ ಏರಿಳಿತ, ಜೊತೆಗೆ ಸಿಕ್ಕ ಇತರ ಪ್ರಾಣಿಗಳು. ಈ ಅಂದಾಜುಗಳೂ ಬದಲಾಗುತ್ತವೆ. ಸಾಂಟಾ ರೋಸಾವನ್ನು ಮೊದಲು 3.6 ಕೋಟಿ ವರ್ಷ ಎಂದಿದ್ದರು, ಈಗ 3 ಕೋಟಿಯ ಆಸುಪಾಸು ಎನ್ನುತ್ತಾರೆ.

ಡಿಎನ್‌ಎ ಲೆಕ್ಕಕ್ಕೂ ಪಳೆಯುಳಿಕೆಗೂ ಏಕೆ ತಾಳೆಯಾಗುವುದಿಲ್ಲ?

ಬದುಕಿರುವ ಪ್ರಾಣಿಗಳ ಡಿಎನ್‌ಎ ವ್ಯತ್ಯಾಸದಿಂದ ಲೆಕ್ಕ ಹಾಕಿದರೆ ಇಂದಿನ ಪ್ರೈಮೇಟ್‌ಗಳೆಲ್ಲರ ಸಾಮಾನ್ಯ ಪೂರ್ವಜ 7 ಕೋಟಿ ವರ್ಷಗಳಿಗೂ ಹಿಂದೆ ಇದ್ದ ಎಂದು ಹಲವು ಅಧ್ಯಯನಗಳು ಹೇಳುತ್ತವೆ. ಅನುಮಾನವಿಲ್ಲದ ಪಳೆಯುಳಿಕೆ ಸಿಗುವುದು 5.6 ಕೋಟಿಯಿಂದ. ನಡುವೆ ದೊಡ್ಡ ಅಂತರ. 2002ರಲ್ಲಿ ಸೈಮನ್ ಟವಾರೆ ಮತ್ತು ಸಂಗಡಿಗರು ಪಳೆಯುಳಿಕೆಗಳ ಕೊರತೆಯನ್ನೇ ಸಂಖ್ಯಾಶಾಸ್ತ್ರದಿಂದ ಅಳೆದು, ಇದುವರೆಗೆ ಬದುಕಿದ ಪ್ರೈಮೇಟ್ ಪ್ರಭೇದಗಳಲ್ಲಿ ಪಳೆಯುಳಿಕೆಯಾಗಿ ನಮಗೆ ಗೊತ್ತಿರುವುದು ಶೇಕಡಾ 7ಕ್ಕಿಂತ ಹೆಚ್ಚಿಲ್ಲ ಎಂದರು. ಪೂರ್ವಜನ ಕಾಲವನ್ನು 8.15 ಕೋಟಿ ವರ್ಷ ಎಂದು ಅಂದಾಜಿಸಿದರು. ಪಳೆಯುಳಿಕೆಯವರ ಎದುರುವಾದವೂ ಇದೆ: ಉತ್ತರ ಅಮೆರಿಕದ ಡೈನೊಸಾರ್ ಕಾಲದ ಪದರಗಳಿಂದ ಸಾವಿರಾರು ಸಸ್ತನಿ ಹಲ್ಲುಗಳು ಸಿಕ್ಕಿವೆ, ಅವುಗಳಲ್ಲಿ ಒಪ್ಪುವಂಥ ಪ್ರೈಮೇಟ್ ಒಂದೂ ಇಲ್ಲ. ಜೊತೆಗೆ, ಚಿಕ್ಕ ಮೈಯ, ಬೇಗ ಮರಿ ಹಾಕುವ ಪ್ರಾಣಿಗಳಲ್ಲಿ ಡಿಎನ್‌ಎ ಬದಲಾವಣೆ ಬೇಗ ಆಗುತ್ತದೆ. ಮೊದಲ ಪ್ರೈಮೇಟ್‌ಗಳು ಅಂಥವೇ ಆಗಿದ್ದರಿಂದ ಲೆಕ್ಕ ತುಸು ಹಿಂದಕ್ಕೆ ಎಳೆದಿರಬಹುದು.

ಕಳೆದುಹೋದ ಕೊಂಡಿ ಸಿಕ್ಕಿದೆಯೇ?

ಅಂಥದ್ದೊಂದು ಕೊಂಡಿ ಇಲ್ಲ. ಗುಣಗಳು ಬೇರೆ ಬೇರೆ ಕಾಲದಲ್ಲಿ ಬಂದಿರುವಾಗ ನಡುವೆ ಒಂದೇ ಪ್ರಾಣಿಯನ್ನು ನಿಲ್ಲಿಸಲಾಗದು.

ಮುಂದೆ ಎಲ್ಲಿ ಏನು ಸಿಕ್ಕರೆ ಈ ಚಿತ್ರ ಬದಲಾದೀತು?

ಮೂರು ಕಡೆ ಕಣ್ಣಿಡಬೇಕು. ಒಂದು, ಆಫ್ರಿಕಾದ ಪೇಲಿಯೊಸೀನ್. ಅಲ್ಟಿಯಾಟ್ಲೇಸಿಯಸ್‌ನ ಒಂದು ಹೆಬ್ಬೆರಳೋ ಹಿಮ್ಮಡಿಯೋ ಸಿಕ್ಕರೆ ಏಷ್ಯಾ-ಆಫ್ರಿಕಾ ಜಗಳದ ಅರ್ಧ ಮುಗಿಯುತ್ತದೆ. ಎರಡು, ಏಷ್ಯಾದ ಪೇಲಿಯೊಸೀನ್ ಪದರಗಳು. ಟೈಲಾರ್ಡಿನಾ, ಆರ್ಕಿಸೀಬಸ್‌ಗಳು ಇದ್ದಕ್ಕಿದ್ದಂತೆ ಕಾಣಿಸಿಕೊಳ್ಳುತ್ತವೆ, ಅವುಗಳ ಹಿಂದಿನ ತಲೆಮಾರು ಅಲ್ಲಿಯೇ ಇರಬೇಕು. ಮೂರು, ಮಡಗಾಸ್ಕರ್. ಅಲ್ಲಿ ಲೀಮರ್‌ಗಳ ಅವಶೇಷ ಹತ್ತಾರು ಸಾವಿರ ವರ್ಷಗಳಿಗಿಂತ ಹಿಂದಕ್ಕೆ ಹೋಗುವುದಿಲ್ಲ, ಆದರೆ ಅವುಗಳ ವಂಶ ಕೋಟಿಗಟ್ಟಲೆ ವರ್ಷ ಹಳೆಯದು. ಎಲ್ಲ ಲೀಮರ್‌ಗಳೂ ಒಂದೇ ಬಾರಿ ಆಫ್ರಿಕಾದಿಂದ ಕಡಲು ದಾಟಿದವು ಎಂದು ಬಹುಕಾಲ ನಂಬಿದ್ದೆವು. ಅಯ್‌-ಅಯ್‌ನ ಬಂಧುಗಳು ಫಯೂಮ್ ಮತ್ತು ಕೀನ್ಯಾದಲ್ಲಿ ಇದ್ದದ್ದು ನಿಜವಾದರೆ, ಆ ದಾಟುವಿಕೆ ಎರಡು ಸಲ ಆಗಿರಬೇಕು. ಅದನ್ನು ತೀರ್ಮಾನಿಸಲು ಮಡಗಾಸ್ಕರಿನ ಹಳೆಯ ಪದರದಿಂದ ಒಂದೇ ಒಂದು ದವಡೆಯಾದರೂ ಬೇಕು.